ಬುಧವಾರ ಮಲಗಿ, ಗುರುವಾರ ಏಳಿ

ಬೆಳಗಿನ ಜಾವ ನಾಲ್ಕೂಕಾಲು. ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ, ಟೈಪಿಂಗ್ ಅಮ್ಮ ತೋಳು ಚಾಚಿ ಮುಷ್ಟಿ ಕಟ್ಟುತ್ತಾರೆ. ಆಕಾಶದಂಚಿನಿಂದ ಶುಕ್ರನವರೆಗೆ ಎರಡು ಮುಷ್ಟಿ. ಕಂಪ್ಯೂಟರ್ ಹೇಳಿದ್ದೂ ಅಷ್ಟೇ, ಮುಷ್ಟಿಗೆ ಹತ್ತರಂತೆ ಇಪ್ಪತ್ತು ಡಿಗ್ರಿ. "ಇದಾನೆ," ಎಂದು ಗೊಣಗಿ, ಗೋಡೆ ಹಿಡಿದುಕೊಂಡು ಮೂವತ್ತೈದು ಮೆಟ್ಟಿಲಿಳಿಯುತ್ತಾರೆ. ಶುಕ್ರ ಅವರಿಗೀಗ ಹತ್ತಿಯ ಉಂಡೆಯ ಹಾಗೆ ಕಾಣುತ್ತಾನೆ. ಎರಡೂ ಕಣ್ಣಿಗೆ ಪೊರೆ.

ಕೆಳಗೆ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಕಂಪ್ಯೂಟರ್. ನಕ್ಷತ್ರಪಟದ ಒಂದು ಪುಟ, ಮೋಡದ ಮುನ್ಸೂಚನೆಯದೊಂದು, ನೌಕೆಗಳ ಸುದ್ದಿ ಕೊಡುವವು ಎರಡು. ನಾಲ್ಕನ್ನೂ ತಾಳೆ ನೋಡಿ ದಿನಕ್ಕೆ ಹತ್ತು ಸಾಲು ಬರೆಯುತ್ತಾರೆ: ಯಾವ ಗ್ರಹ ಎಲ್ಲಿ, ಬಾಹ್ಯಾಕಾಶ ನಿಲ್ದಾಣ ಎಷ್ಟು ಹೊತ್ತಿಗೆ ತಲೆಯ ಮೇಲೆ ಹಾಯುತ್ತದೆ, ಯಾವ ನೌಕೆ ಚಂದ್ರನ ಮೇಲೆ ಯಾವಾಗ ಇಳಿಯುತ್ತದೆ. ಆರು ಗಂಟೆಗೆ ಅವರ ಅಂತರ್ಜಾಲ ಪುಟ ತೆರೆಯುವವರು ಮುನ್ನೂರ ನಲವತ್ತು ಮಂದಿ. ಒಂಬತ್ತಕ್ಕೆ ಅಮ್ಮ ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪು ಮಾಡುತ್ತಿರುತ್ತಾರೆ.

ಶುರು ಮಾಡಿದ್ದು ಗಂಡ, ಶಾಲೆಯ ಪ್ರಯೋಗಾಲಯದ ಸಹಾಯಕ. ಐದು ಜನ ಗೆಳೆಯರಿಗೆ ಹಂಚಲು ವಾರದ ಪಟ್ಟಿಯನ್ನು ಅಮ್ಮನ ಕೈಲೇ ಟೈಪು ಮಾಡಿಸುತ್ತಿದ್ದರು. "ಅವರು ತೀರ್ಕೊಂಡ ವಾರವೂ ಐದೂ ಜನ ಪಟ್ಟಿ ಕೇಳ್ಕೊಂಡು ಬಂದ್ರು. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ." ಅದಕ್ಕೀಗ ಹನ್ನೊಂದು ವರ್ಷ.

ನಡುವೆ ಒಂದು ತಪ್ಪಾಗಿದೆ. ಖಗೋಳದ ಪಟ್ಟಿಗಳೆಲ್ಲ ಜಗತ್ತಿಗೆಲ್ಲ ಒಂದೇ ಆದ ಗಡಿಯಾರದ ಮೇಲಿರುತ್ತವೆ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಚಂದ್ರಗ್ರಹಣವೊಂದು ಅಲ್ಲಿ ಹದಿಮೂರರ ರಾತ್ರಿ, ಇಲ್ಲಿ ಹದಿನಾಲ್ಕರ ಬೆಳಗಿನ ಜಾವ. ಅಮ್ಮ ಗಂಟೆ ಬದಲಿಸಿದರು, ತಾರೀಕು ಬದಲಿಸಲು ಮರೆತರು. ಓದುಗರಲ್ಲೊಬ್ಬರು, ಲಿಫ್ಟ್ ರಿಪೇರಿಯವರು, ಅದನ್ನೇ ನಂಬಿ, ಹಾಸಿಗೆ ಹಿಡಿದ ಹೆಂಡತಿಯನ್ನು ಹದಿಮೂರರ ಬೆಳಗಿನ ಜಾವ ನಾಲ್ಕು ಮಹಡಿ ಹೊತ್ತುಕೊಂಡು ಹತ್ತಿದರು. ಮೇಲೆ ತುಂಬು ಚಂದ್ರ, ಒಂದು ಕಲೆಯೂ ಇಲ್ಲ. ಮಾರನೆಯ ದಿನ ನೆರಳು ಬಿದ್ದಾಗ ದಂಪತಿ ಮಲಗಿದ್ದರು. ಆಮೇಲೆ ಆಕೆ ಎದ್ದು ಕೂರಲೂ ಇಲ್ಲ.

"ಬೈದು ಬರೆದಿದ್ರೆ ಹಗುರ ಆಗ್ತಿತ್ತು," ಅಮ್ಮ ಹೇಳುತ್ತಾರೆ. "'ನಾವು ಒಂದು ದಿನ ಮುಂಚೆ ಹೋದೆವು' ಅಂತಷ್ಟೇ ಬರೆದಿದ್ರು. ತಪ್ಪು ಅವರದೇ ಅನ್ನೋ ಹಾಗೆ."

ಅಂದಿನಿಂದ ಬೆಳಗಿನ ಜಾವದ ಯಾವುದನ್ನೂ ಅಮ್ಮ ಬರೀ ತಾರೀಕಿನಲ್ಲಿ ಬರೆಯುವುದಿಲ್ಲ. ಮಲಗುವ ದಿನ, ಏಳುವ ದಿನ ಎರಡನ್ನೂ ಬರೆಯುತ್ತಾರೆ.

ಮುಂದಿನ ಸೋಮವಾರ ಬಲಗಣ್ಣಿನ ಶಸ್ತ್ರಚಿಕಿತ್ಸೆ. ಹತ್ತು ದಿನ ಪರದೆ ನೋಡುವಂತಿಲ್ಲ. ಅದೇ ವಾರದ ಗುರುವಾರ ಬೆಳಗಿನ ಜಾವ ಮತ್ತೊಂದು ಗ್ರಹಣ. ಹಾಗಾಗಿ ಪುಟ ಸೊಸೆಯ ಕೈಗೆ ಹೋಗಬೇಕು. ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವವಳು, ಮಾತಿಗೆ ಹಿಂಜರಿಯುವವಳಲ್ಲ.

"ನಾನು ಬರೆದ ಬಸ್ಸೇ ತಪ್ಪಲ್ಲ ಅತ್ತೆ, ಚಂದ್ರ ತಪ್ತಾನಾ?"

"ಬಸ್ಸು ಹೋದ್ರೆ ಇನ್ನೊಂದು ಬರುತ್ತೆ ಕಣೇ. ಎಲ್ಲಿ, ಓದು."

"ಬುಧವಾರ ಬೆಳಗಿನ ಜಾವ ನಾಲ್ಕಕ್ಕೆ..."

"ಯಾವ ಬೆಳಗು?"

ಸೊಸೆ ಮೂಲದ ಪಟ್ಟಿ ನೋಡುತ್ತಾಳೆ, ಗೋಡೆಯ ಗಡಿಯಾರ ನೋಡುತ್ತಾಳೆ, ಬೆರಳು ಮಡಿಸುತ್ತಾಳೆ. ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಾಳೆ. ಅಳಿಸುತ್ತಾಳೆ. ಅಮ್ಮ ಗದರುವುದಿಲ್ಲ, ನಗುವುದೂ ಇಲ್ಲ. ತಿದ್ದಿದ್ದನ್ನು ಮೂರು ಸಲ ಓದಿಸಿ, ಕಣ್ಣು ಮುಚ್ಚಿಕೊಂಡೇ ಕೇಳುತ್ತಾರೆ.

ಅವತ್ತು ಮೋಡ ಮುಚ್ಚಿದರೆ? ನಾನು ಕೇಳಿದ್ದಕ್ಕೆ ಅಮ್ಮ ಸೆರಗಿನಿಂದ ಕನ್ನಡಕ ಒರೆಸುತ್ತಾರೆ.

"ಮೋಡ ಬಂದ್ರೆ ಅದು ಆಕಾಶದ ಇಷ್ಟ. ತಾರೀಕು ತಪ್ಪಿದ್ರೆ ಅದು ನನ್ನದು. ನನ್ನ ಮಾತು ನಂಬಿ ಮೆಟ್ಟಿಲು ಹತ್ತಿದವರು, ಸರಿಯಾದ ದಿನ ಹತ್ತಿರಬೇಕು. ಅಷ್ಟೇ."