ಕಟ್ಟೆಯ ಮೇಲಿಟ್ಟ ಬನ್ನಿ

ಹೊಲಿಗೆ ಅಕ್ಕನ ಬಲಗೈ ಮಣಿಕಟ್ಟಿನಿಂದ ಮೊಳಕೈವರೆಗೆ ಸುಟ್ಟು, ಚರ್ಮ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತ್ತು. ಆ ಕೈಗೆ ಆಕೆ ಬಳೆ ಹಾಕುತ್ತಿರಲಿಲ್ಲ. ಕತ್ತರಿ ಹಿಡಿಯುವುದನ್ನು ಎಡಗೈಗೆ ಕಲಿಸಿಕೊಂಡಿದ್ದಳು.

ಅಫಜಲಪುರದಲ್ಲಿ ನಮ್ಮ ಪಕ್ಕದ ಮನೆ ಆಕೆಯದು. ಸುಟ್ಟವನು ಯಾರೆಂದು ಓಣಿಗೆಲ್ಲ ಗೊತ್ತಿತ್ತು. ಹೊಲದ ಬದುವಿಗಾಗಿ ಎರಡು ಮನೆಗಳಿಗೆ ವೈರ ಬೆಳೆದು, ಆ ಮನೆಯ ಹುಡುಗ ಇವರ ಜೋಳದ ಕಣಿಕೆ ಬಣವೆಗೆ ಬೆಂಕಿ ಹಚ್ಚಿದ್ದ. ಬಣವೆಯ ಪಕ್ಕ ಕಟ್ಟಿದ್ದ ಕರು ಬಿಚ್ಚಲು ಅಕ್ಕ ಓಡಿದಳು. ಅದನ್ನು ಕಂಡು ಆತನೇ ಉರಿಯೊಳಗೆ ನುಗ್ಗಿ ಆಕೆಯನ್ನು ಎಳೆದು ತಂದ. ಹಿರಿಯರ ಮುಂದೆ ತಪ್ಪೊಪ್ಪಿಕೊಂಡು ಬದು ಬಿಟ್ಟುಕೊಟ್ಟ. ಆಮೇಲೆ, ಮದುವೆಯಾದರೆ ಇವಳನ್ನೇ ಎಂದು ಕೂತ. ಅಕ್ಕ ಆತನಿಗೂ ಹೂಂ ಅನ್ನಲಿಲ್ಲ, ಬೇರೆ ಯಾರಿಗೂ ಅನ್ನಲಿಲ್ಲ.

ದಸರೆಯ ಸಂಜೆ ಬನ್ನಿ ಎಲೆ ಕೈಗೆ ತೆಗೆದುಕೊಂಡರೆ ನಮ್ಮ ಕಡೆ ಹಳೆಯ ಜಗಳ ಮುಗಿದಂತೆ. ಆತ ಪ್ರತಿವರ್ಷ ಬಾಗಿಲಿಗೆ ಬರುತ್ತಿದ್ದ.

"ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ."

"ಕಟ್ಟಿ ಮ್ಯಾಲ ಇಡ್ರಿ."

ಬೆಳಗಾಗುವಷ್ಟರಲ್ಲಿ ಅದನ್ನು ಆಡು ತಿಂದಿರುತ್ತಿತ್ತು. "ನಮ್ಮನ್ಯಾಗ ಆಡೊಂದೇ ಬಂಗಾರದಂಗ ಅದ ನೋಡು," ಎಂದು ಅಕ್ಕ ನಗುತ್ತಿದ್ದಳು. ಆದರೆ ಆ ಸಂಜೆ ಮಾತ್ರ ಬೇಗ ಮಷಿನ್ ಮುಚ್ಚಿ ತಲೆ ಬಾಚಿಕೊಳ್ಳುತ್ತಿದ್ದಳು. ಕಂಡದ್ದನ್ನೆಲ್ಲ ಬರೆದಿಡುತ್ತಿದ್ದ ನನ್ನ ಡೈರಿಯಲ್ಲಿ ಅದೂ ಇದೆ.

ಆಕೆ ಹೊಲಿಯುವಾಗ ನಾನು ವಾರಪತ್ರಿಕೆಯ ಧಾರಾವಾಹಿ ಓದಿ ಹೇಳುತ್ತಿದ್ದೆ. ಓದಿದ ಹದಿನಾಲ್ಕರಲ್ಲಿ ಹನ್ನೊಂದು ಕತೆಗಳಲ್ಲಿ ವೈರಿಗಳೇ ಗಂಡ ಹೆಂಡಿರಾದರು. ನಾಯಕ ಅತ್ತು ನಾಯಕಿ ಮನ್ನಿಸಿದ ಕೂಡಲೇ ಪೆಡಲು ನಿಲ್ಲುತ್ತಿತ್ತು.

"ಒಂದ ಹಾಳ್ಯಾಗ ಮಾಫ್ ಮಾಡಿದ್ಳಾ? ಬರದಾಂವಗ ಎಲ್ಲೂ ಸುಟ್ಟಿಲ್ಲ ಬಿಡು."

ಬನ್ನಿಗೂ ನಾನು ಲೆಕ್ಕ ಇಟ್ಟಿದ್ದೆ. ಒಂದು ದಸರೆಯ ಮರುದಿನ ಬಸ್ ನಿಲ್ದಾಣದಲ್ಲಿ ಆತ ಸಿಕ್ಕಾಗ ನನ್ನ ಬಾಯಿ ಸುಮ್ಮನಿರಲಿಲ್ಲ.

"ಕಾಕಾ, ನಾ ಡೈರಿ ಬರಿಯಾಕ ಹತ್ತಿದಾಗಿಂದ ಏಳು ಸಲ ಆತ್ರಿ. ಅಕ್ಕ ಒಂದೂ ಕೈಯಾಗ ತಗೊಂಡಿಲ್ಲ."

ಅಲ್ಲಿ ನಿಂತಿದ್ದ ಚೌಡಾಪುರದ ಬಸ್ಸನ್ನೇ ಆತ ನೋಡಿದ. "ಅಷ್ಟ ಸಲ ಆಕಿನ್ನ ಕಾಡೇನೇನವ್ವಾ? ಸಾಕ ಬಿಡು."

ಮರುವರ್ಷ ದಸರೆಗೆ ಅಕ್ಕ ಆಡನ್ನು ಹಿತ್ತಲಲ್ಲಿ ಕಟ್ಟಿಸಿದಳು. ಸುಟ್ಟ ಕೈಗೆ ಹಸಿರು ಬಳೆ ಹಾಕಿಕೊಂಡು ಹೊಸ್ತಿಲಲ್ಲಿ ಕೂತಳು. ಓಣಿಯವರೆಲ್ಲ ಬನ್ನಿ ಕೊಟ್ಟು ಹೋದರು. ಆತ ಬರಲಿಲ್ಲ. ಬಸ್ ನಿಲ್ದಾಣದಲ್ಲಿ ನಾನು ಆಡಿದ್ದನ್ನು ಅಳುತ್ತ ಹೇಳಿಬಿಟ್ಟೆ.

"ನೀನೇ ಹೋಗಿ ಕೊಡಕ್ಕ."

"ಸುಟಗೊಂಡಾಕಿ ನಾ. ನಾನೇ ಹೋಗಲೇನು?"

ಒಂದೊಂದಾಗಿ ಬಳೆ ತೆಗೆದಳು. ಆಮೇಲೆ ನನ್ನ ತಲೆ ಮೇಲೆ ಆ ಕೈಯನ್ನೇ ಇಟ್ಟಳು. "ಅಳಬ್ಯಾಡ ಬೇ. ಖರೇ ಇದ್ದದ್ದ ಹೇಳೀದಿ, ಅಷ್ಟೇ."

ಬೇಸಿಗೆಯಲ್ಲಿ ಆತ ಕಾಮಾಲೆಯಾಗಿ ತೀರಿಕೊಂಡ. ಸುದ್ದಿ ಬಂದ ದಿನ ಅಕ್ಕ ರವಿಕೆಯ ಒಂದೇ ತೋಳನ್ನು ಮೂರು ಸಲ ಹೊಲಿದು ಮೂರು ಸಲ ಬಿಚ್ಚಿದಳು. ಎರಡು ವರ್ಷಕ್ಕೆ ಆಕೆಯೂ ಹೋದಳು.

ಆತನಿಗಾಗಿ ಅಷ್ಟು ವರ್ಷ ಕೂಡಿಟ್ಟಿದ್ದ ಮಾಫಿಯನ್ನು ಆ ದಸರೆಯ ಸಂಜೆ ನನಗೆ ಕೊಟ್ಟುಬಿಟ್ಟಳು. ಅದು ನನ್ನದಾಗಿರಲಿಲ್ಲ.