ಒಗ್ಗರಣೆ ನಿಂತ ಮನೆ

ನನ್ನ ಅಕ್ಕ ಅಮಿತಾಳ ಗಂಡ ಪ್ರಹ್ಲಾದನನ್ನು ನಾನು ಎಂದೂ ಇಷ್ಟಪಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಪ್ಪತ್ತು ವರ್ಷಗಳ ಹಿಂದೆ ನನ್ನ ಮದುವೆಯ ಪಂಕ್ತಿಯಲ್ಲಿ, ಬೀಗರು ಸಾಲಾಗಿ ಕೂತಿದ್ದಾಗ, ಭಾವ ಎಣ್ಣೆಗಾಯಿಯನ್ನು ಒಂದೇ ಬೆರಳಿನಿಂದ ಎಲೆಯ ಅಂಚಿಗೆ ತಳ್ಳಿ, ಶೇಂಗಾ ಸರಿಯಾಗಿ ಹುರಿದಿಲ್ಲ ಎಂದು ಬಡಿಸುವವನನ್ನು ಕರೆದು ಹೇಳಿದ್ದ. ಆಗ ನನ್ನ ತಂದೆಯ ಮುಖ ಹೇಗಾಯಿತೆಂಬುದು ನನಗಿನ್ನೂ ನೆನಪಿದೆ. ಅವನ ಹೊಟ್ಟೆಗೆ ಆದದ್ದನ್ನು ಹೇಳುವಾಗ ನನ್ನಲ್ಲಿ ಕನಿಕರ ತುಸು ಕಡಿಮೆ ಕಂಡರೆ ಕಾರಣ ಗೊತ್ತಿರಲಿ.

ಭಾವ ರೈಲ್ವೆಯಲ್ಲಿ ಟಿ.ಸಿ. ಅವನ ಅಜ್ಜ ಸರಕಾರಿ ನೌಕರಿಗೆಂದು ರಾಯಚೂರಿನಿಂದ ಹೈದರಾಬಾದಿಗೆ ಬಂದವರು. ಮಲ್ಕಾಜ್‌ಗಿರಿಯಲ್ಲಿ ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿಯಲ್ಲಿ ಅವರ ಸ್ವಂತ ಮನೆ. ನಾನಿರುವುದೂ ಅಲ್ಲೇ, ಮೂರು ಗಲ್ಲಿ ಆಚೆ. ಯಾವ ಸ್ಟೇಷನ್ನಿನಲ್ಲಿ ಯಾವ ಹೊತ್ತಿಗೆ ವಡೆ ಬಿಸಿ ಇರುತ್ತದೆ, ಯಾವ ಗಾಡಿಯವನ ಉಪ್ಪಿಟ್ಟಿನಲ್ಲಿ ಗೋಡಂಬಿ ಸಿಗುತ್ತದೆ ಎಂಬುದು ಅವನಿಗೆ ರೈಲಿನ ವೇಳಾಪಟ್ಟಿಯಂತೆ ಬಾಯಿಪಾಠ. ನಲವತ್ತೊಂಬತ್ತನೆಯ ವಯಸ್ಸಿಗೆ ಅವನ ತೂಕ ನೂರಾ ಮೂವತ್ತೆಂಟು ಕಿಲೋ. ಸಕ್ಕರೆ ಕಾಯಿಲೆ ಬಂತು, ಮಂಡಿ ಹೋಯಿತು, ಮಲಗಿದಾಗ ಉಸಿರು ಕಟ್ಟತೊಡಗಿತು. ಬೋಗಿಯಿಂದ ಬೋಗಿಗೆ ನಡೆಯುವಾಗ ಎರಡು ಸೀಟಿಗೊಮ್ಮೆ ನಿಲ್ಲಬೇಕಾಗುತ್ತಿತ್ತು.

ಜೊತೆಯಲ್ಲಿ ಕೆಲಸ ಮಾಡುವ ರೋಹಿತ ಆಪರೇಷನ್ ಮಾಡಿಸಿಕೊಂಡು ಒಂದು ವರ್ಷದಲ್ಲಿ ನಲವತ್ತು ಕಿಲೋ ಇಳಿದಿದ್ದ. ಅದನ್ನು ನೋಡಿ ಭಾವನೂ ಹೊರಟ. ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಷ್ಟು ಸಣ್ಣ ಕೊಳವೆಯಾಗಿ ಹೊಲಿಯುವ ಆಪರೇಷನ್ ಅದು. ಅಮಿತಾ ಬೇಡವೆಂದಳು. ಮೊದಲು ಬಾಯಿ ಕಟ್ಟಿ ನೋಡೋಣ ಎಂದಳು. ಅವಳಿಗೆ ತಾನು ತೆಳ್ಳಗಾಗುವುದು ಬೇಕಿಲ್ಲ ಎಂದು ಭಾವ ನನ್ನೆದುರಿಗೇ ಅಂದ.

ಆಪರೇಷನ್ನಿಗೆ ಮುಂಚೆ ಎರಡು ವಾರ ಬರೀ ನೀರಾದ ಆಹಾರ ಎಂದು ಡಾಕ್ಟರ್ ಬರೆದುಕೊಟ್ಟಿದ್ದರು. ಒಂಬತ್ತನೆಯ ದಿನ ಗಂಡ ಹೆಂಡತಿ ಸುಲ್ತಾನ್ ಬಜಾರಿಗೆ ಸಡಿಲ ಪೈಜಾಮ ತರಲು ಹೋದರು. ಅಮಿತಾ ಅಂಗಡಿಯಿಂದ ಹೊರಬಂದಾಗ ಭಾವ ಬಂಡಿಯ ಪಕ್ಕದಲ್ಲಿ ನಿಂತು ಮಿರ್ಚಿ ಬಜ್ಜಿ ತಿನ್ನುತ್ತಿದ್ದ. ಅವಳ ಕೈ ಹಿಡಿದುಕೊಂಡು, ಡಾಕ್ಟರಿಗೆ ಹೇಳಬೇಡ ಎಂದು ಕೇಳಿಕೊಂಡ. ಅವಳು ಹೇಳಲಿಲ್ಲ.

ಆಪರೇಷನ್ ಆದ ಐದನೆಯ ದಿನ ಎಡಭುಜ ಸೆಳೆಯತೊಡಗಿತು. ಸಂಜೆಗೆ ಜ್ವರ, ಎದೆಬಡಿತ ನೂರಾ ನಲವತ್ತು. ಹೊಲಿಗೆಯ ಒಂದು ಕಡೆ ಸೋರಿ, ಹೊಟ್ಟೆಯೊಳಗೆಲ್ಲ ಕೀವು ತುಂಬಿತ್ತು. ಮತ್ತೆ ಕೊಯ್ದರು. ಹನ್ನೊಂದು ದಿನ ಐ.ಸಿ.ಯು.ನಲ್ಲಿದ್ದ. ಆಮೇಲೆ ಹತ್ತು ವಾರ ಅವನ ಬಾಯಿಗೆ ಒಂದು ಹನಿ ಬೀಳಲಿಲ್ಲ; ಹೊಟ್ಟೆಗೆ ತೂತು ಮಾಡಿ ಕರುಳಿಗೆ ನಳಿಗೆ ಹಾಕಿದ್ದರು. ಎರಡು ಗಂಟೆಗೊಮ್ಮೆ ಅಮಿತಾ ಕೈ ತೊಳೆದು, ಪುಡಿ ಕಲಸಿದ ಹಾಲಿನಂಥ ದ್ರವವನ್ನು ಆ ನಳಿಗೆಗೆ ಬಿಡುತ್ತಿದ್ದಳು. ಆಮೇಲೆ ವಿಚಾರಿಸಿದಾಗ, ಬಜ್ಜಿಗೂ ಸೋರಿಕೆಗೂ ಸಂಬಂಧವಿಲ್ಲ, ಇದು ನೂರರಲ್ಲಿ ಒಬ್ಬಿಬ್ಬರಿಗೆ ಆಗುವಂಥದ್ದು ಎಂದು ಡಾಕ್ಟರ್ ಸ್ಪಷ್ಟವಾಗಿ ಹೇಳಿದರು. ಭಾವ ಅದನ್ನು ಕೇಳಿಸಿಕೊಂಡ, ನಂಬಲಿಲ್ಲ. ತನ್ನ ಗತಿಗೆ ಯಾರಾದರೊಬ್ಬರು ಕಾರಣವಾಗಬೇಕಿತ್ತು. ಹತ್ತಿರದಲ್ಲಿ ಇದ್ದವಳು ಅಮಿತಾ.

ನಳಿಗೆ ತೆಗೆದು ಬಾಯಿಂದ ತಿನ್ನಬಹುದು ಎಂದಾಗ ಎಲ್ಲರೂ ಕಷ್ಟ ಕಳೆಯಿತು ಎಂದುಕೊಂಡೆವು. ಆದರೆ ಹೊಲಿಗೆ ಮಾಯ್ದ ಜಾಗ ಬಿಗಿದುಕೊಂಡು ಜಠರದ ದಾರಿ ಇಕ್ಕಟ್ಟಾಗಿತ್ತು. ಎರಡು ಸಲ ಬಲೂನು ಇಳಿಸಿ ಹಿಗ್ಗಿಸಿದರೂ ಅನ್ನ ಇಳಿಯುತ್ತಿರಲಿಲ್ಲ. ಎದೆಯಲ್ಲಿ ಸಿಕ್ಕಿಕೊಂಡು ನೊರೆಯಾಗಿ ವಾಪಸು ಬರುತ್ತಿತ್ತು. ರೊಟ್ಟಿಯ ಮಾತೇ ಇಲ್ಲ. ತಿಳಿ ಸಾರು, ಜೋಳದ ಅಂಬಲಿ, ಅರೆದ ಬೇಳೆ, ಅದೂ ನಾಲ್ಕು ಚಮಚ, ಅದೂ ಇಪ್ಪತ್ತು ನಿಮಿಷ. ಊಟದ ಜೊತೆ ನೀರು ಕುಡಿಯುವಂತಿಲ್ಲ. ಕೂದಲು ಉದುರಿತು. ತೂಕ ಎಂಬತ್ತಾರಕ್ಕೆ ಇಳಿದು ಕೆನ್ನೆಯ ಚರ್ಮ ಜೋತುಬಿತ್ತು. ರೈಲಿನ ಡ್ಯೂಟಿ ಆಗದೆಂದು ಬುಕಿಂಗ್ ಕೌಂಟರಿಗೆ ಹಾಕಿದರು. ಆಪರೇಷನ್ ಮಾಡಿಸಿಕೊಂಡದ್ದು ಯಾತಕ್ಕೋ ಅದು ಆಗಿತ್ತು, ಸಕ್ಕರೆ ಇಳಿದಿತ್ತು, ಮಂಡಿ ನೋಯುತ್ತಿರಲಿಲ್ಲ. ಅದನ್ನು ಯಾರಾದರೂ ನೆನಪಿಸಿದರೆ ಅವರೊಡನೆ ಅವನು ಮಾತು ಬಿಡುತ್ತಿದ್ದ.

ನಮ್ಮ ಮಂದಿಯೂ ಕಡಿಮೆಯಲ್ಲ. ಅವನ ಕಾಕಾ ಸುಬ್ಬರಾಯರ ಮೊಮ್ಮಗಳ ಸೀಮಂತದಲ್ಲಿ ಬೇಡವೆಂದರೂ ಅವನಿಗೆ ಪೂರ್ತಿ ಎಲೆ ಹಾಕಿದರು. ಅವನು ತಲೆ ತಗ್ಗಿಸಿ ತೊವ್ವೆಯಲ್ಲಿ ಚಮಚ ಆಡಿಸುತ್ತ ಕೂತ. ಸುತ್ತ ನಾಲ್ಕು ಹೆಂಗಸರು ನಿಂತು, ದುಡ್ಡು ಕೊಟ್ಟು ಹೊಟ್ಟೆ ಕೊಯ್ಸಿಕೊಂಡವ ಇವನೇ ಎಂದು ಹೊಸಬರಿಗೆ ತೋರಿಸುತ್ತಿದ್ದರು. ಸುಬ್ಬರಾಯರು ಹೋಳಿಗೆಯ ಚೂರು ತುಪ್ಪದಲ್ಲಿ ಅದ್ದಿ ತಂದು ಅವನ ಗದ್ದ ಹಿಡಿದರು.

"ಒಂದ ತುತ್ತಿಗೆ ಯಾರೂ ಸಾಯೂದಿಲ್ಲೋ," ಅಂದು ಬಾಯಿಗೆ ತುರುಕಿದರು.

ಕಾಲು ಗಂಟೆಯಲ್ಲಿ ಅವನ ಮೈ ಬೆವತು ನೀರಾಯಿತು. ಎದೆ ಹಾರತೊಡಗಿ ಕಣ್ಣಿಗೆ ಕತ್ತಲೆ ಬಂತು. ಕೈ ತೊಳೆಯುವ ತೊಟ್ಟಿಗೆ ಬಾಗಿ ಎಲ್ಲವನ್ನೂ ಕಾರಿದ. ತಿರುಗಿ ಬಂದು ತನ್ನ ಎಲೆಯನ್ನು ಅನ್ನ ಸಮೇತ ಎತ್ತಿ ಸುಬ್ಬರಾಯರ ಕಾಲ ಬಳಿ ಒಗೆದ. ಅನ್ನಕ್ಕೆ ಅಪಮಾನ ಮಾಡಿದ ಎಂದು ಇಡೀ ಬಳಗ ಅವನನ್ನು ಬೈಯಿತು. ಸುಬ್ಬರಾಯರನ್ನು ಯಾರೂ ಒಂದು ಮಾತು ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಅಂದಿನಿಂದ ಅವನು ಮನೆಯಲ್ಲಿ ಒಗ್ಗರಣೆ ನಿಲ್ಲಿಸಿದ. ಸಾಸಿವೆ ಸಿಡಿದರೆ ಅಡುಗೆಮನೆಗೆ ಬಂದು ಗ್ಯಾಸ್ ಆರಿಸುತ್ತಿದ್ದ. ಹುರಿಯುವುದು, ಕರಿಯುವುದು, ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯುವುದು, ಯಾವುದೂ ಇಲ್ಲ. ಮಗಳು ಶರ್ವರಿ ಅಮೀರ್‌ಪೇಟೆಗೆ ಕೋಚಿಂಗಿಗೆ ಹೋಗುವವಳು. ಅಲ್ಲೇ ಏನಾದರೂ ತಿಂದು, ಬಾಯಿ ತೊಳೆದುಕೊಂಡು ಮನೆಗೆ ಬರುತ್ತಿದ್ದಳು. ಅಮಿತಾ ಮಧ್ಯಾಹ್ನ ನಮ್ಮ ಮನೆಗೆ ಬಂದು, ಅಡುಗೆಮನೆಯ ಮೂಲೆಯಲ್ಲಿ ನಿಂತೇ ಉಣ್ಣುತ್ತಿದ್ದಳು. ಹೋಗುವ ಮುಂಚೆ ಸಾಬೂನಿನಿಂದ ಮೊಣಕೈವರೆಗೆ ತೊಳೆಯುತ್ತಿದ್ದಳು. ಯಾಕೆಂದು ಕೇಳಿದೆ. ಕೈ ಮೂಸಿ ನೋಡುತ್ತಾನೆ ಎಂದಳು. ಕಸದ ಬುಟ್ಟಿಯಲ್ಲಿ ಬೆಳ್ಳುಳ್ಳಿ ಸಿಪ್ಪೆ ಹುಡುಕುತ್ತಾನೆ ಎಂದಳು.

ಆರು ತಿಂಗಳು ಹೀಗೆ ನಡೆಯಿತು. ಅವನು ಮಾತಾಡಿದರೆ ಆ ಬಜ್ಜಿಯ ವಿಷಯವೇ. ವಿಟಮಿನ್ ಗುಳಿಗೆ ನುಂಗುವುದನ್ನೂ ಬಿಟ್ಟ. ಅಂಗಾಲು ಜುಮುಗುಟ್ಟುತ್ತಿದೆ ಎಂದು ಅವನು ಹೇಳಿದ್ದೂ ಔಷಧಿ ಬೇಕೆಂದಲ್ಲ, ಅಮಿತಾಳನ್ನು ಬೈಯಲು ಇನ್ನೊಂದು ನೆಪವಾಗಿ.

ಒಂದು ಶನಿವಾರ ಅಮಿತಾ ಫೋನ್ ಮಾಡಿ, ನಾಳೆ ಹನ್ನೆರಡಕ್ಕೆ ಊಟಕ್ಕೆ ಬಾ ಎಂದಳು. ಯಾವ ಮನೆಗೆ ಎಂದು ಕೇಳಿದೆ. ನನ್ನ ಮನೆಗೆ ಎಂದಳು.

ಹೋದಾಗ ಗಲ್ಲಿಯವರೆಗೂ ಶೇಂಗಾ ಹುರಿದ ವಾಸನೆ. ಮೇಜಿನ ಮೇಲೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕೆಂಪು ಚಟ್ನಿ, ಹೆಸರುಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ. ಶರ್ವರಿ ಗೋಡೆಗೆ ಒತ್ತಿ ಕೂತಿದ್ದಳು. ಭಾವ ತನ್ನ ಕೋಣೆಯಿಂದ ಬಂದು ಬಾಗಿಲಲ್ಲಿ ನಿಂತ. ಅಮಿತಾ ಅವನ ಕುರ್ಚಿಯ ಎದುರಿನ ಕುರ್ಚಿಯಲ್ಲೇ ಕೂತು ರೊಟ್ಟಿ ಮುರಿದಳು.

"ನನ್ನ ಮುಂದ ಕೂತು ತಿಂತೀ ಏನು?"

"ಆರು ತಿಂಗಳು ತಂಗಿ ಮನ್ಯಾಗ ಕಳ್ಳರಂಗ ನಿಂತು ತಿಂದೀನಿ. ಸಾಕಾತು. ಸಣ್ಣದಾದದ್ದು ನಿಮ್ಮ ಹೊಟ್ಟಿರಿ, ನಂದಲ್ಲ."

ಅವನು ಬಂದು ಅವಳ ತಾಟನ್ನು ಕೈಯಿಂದ ಸರಿಸಿದ. ಅದು ನೆಲಕ್ಕೆ ಬಿದ್ದು ಸುತ್ತಿ ಸುತ್ತಿ ನಿಂತಿತು. ಅಮಿತಾ ಎದ್ದು ಇನ್ನೊಂದು ತಾಟು ತಂದು ಬಡಿಸಿಕೊಂಡಳು. ಕಪಾಟಿನಲ್ಲಿ ಇನ್ನೂ ಎಂಟು ತಾಟು ಇವೆ ಎಂದು ನನಗೆ ಹೇಳಿದಳು, ಅವನಿಗಲ್ಲ.

"ಅವತ್ತ ನೀ ಡಾಕ್ಟರಗ ಹೇಳಿದ್ದರ ನನಗ ಈ ಗತಿ ಬರ್ತಿದ್ದಿಲ್ಲ," ಎಂದ ಭಾವ.

"ಹೇಳಬ್ಯಾಡ ಅಂತ ನಡುಬಜಾರದಾಗ ನನ್ನ ಕೈ ಹಿಡದವರು ಯಾರು? ಹತ್ತು ವಾರ ಆ ನಳಿಗಿಗೆ ಹಾಲು ಬಿಟ್ಟಾಕಿ ಯಾರು? ಅದರ ಲೆಕ್ಕ ಯಾಕ ತಗಿಯೂದಿಲ್ಲ ನೀವು?"

ಭಾವ ಕುರ್ಚಿ ಎಳೆದು ಕೂತ. ನಾವು ಮೂವರೂ ತಿನ್ನುತ್ತಿದ್ದೆವು. ನಿಜ ಹೇಳಬೇಕೆಂದರೆ ಅವನನ್ನು ನೋಡುತ್ತಲೇ ನಾನು ಮೂರು ರೊಟ್ಟಿ ತಿಂದೆ. ಎರಡು ಹಸಿವಿಗೆ, ಒಂದು ಹಳೆಯ ಸಿಟ್ಟಿಗೆ. ಅವನು ಮೇಜಿನ ಕಡೆ ನೋಡುತ್ತ ಮಾತಾಡಿದ.

"ನಿಮಗೆಲ್ಲಾ ನಾ ಹಸದು ಸಾಯ್ಲಿಕ್ಕತ್ತೀನಿ ಅಂತ ಅನಸ್ತದ. ನನಗ ಹಸಿವ ಇಲ್ಲ. ಆ ದವಾಖಾನಿಂದ ಬಂದಾಗಿಂದ ಒಮ್ಮೆನೂ ಆಗಿಲ್ಲ. ಗಡಿಯಾರ ನೋಡಿ ತಿಂತೀನಿ. ನಿಮಗ ಹಸಿವಾಗ್ತದಲ್ಲ, ಅದನ್ನ ನೋಡಿದರ ಹೊಟ್ಟಿ ಉರೀತದ ನನಗ."

ನಾನು ಅಕ್ಕ ಕರಗುತ್ತಾಳೆಂದುಕೊಂಡೆ. ಅವಳು ಕರಗಲಿಲ್ಲ.

"ಇದನ್ನ ಹೋಗಿ ಡಾಕ್ಟರಗ ಹೇಳ್ರಿ. ನಾ ಕೇಳಿದ್ದು ಮುಗೀತು," ಎಂದು ಮಜ್ಜಿಗೆ ಬಡಿಸಿಕೊಂಡಳು.

ಮರುದಿನದಿಂದ ಅವಳು ದಿನಾ ಒಗ್ಗರಣೆ ಹಾಕಿದಳು. ಭಾವ ಎರಡು ದಿನ ಬಾಗಿಲು ಹಾಕಿಕೊಂಡು ಕೂತ. ಮೂರನೆಯ ದಿನ, ಯಾರಿಗೂ ಹೇಳದೆ, ಒಬ್ಬನೇ ಆಸ್ಪತ್ರೆಗೆ ಹೋದ. ಮೂರನೆಯ ಸಲ ಬಲೂನು ಇಳಿಸಿದರು. ಗುಳಿಗೆ ಬಿಟ್ಟದ್ದಕ್ಕೆ ಬೈದು, ಅಂಗಾಲಿನ ಜುಮುಗುಟ್ಟುವಿಕೆಗೆ ಇಂಜೆಕ್ಷನ್ ಶುರು ಮಾಡಿದರು. ಇನ್ನೂ ಎರಡು ತಿಂಗಳು ಹೀಗೇ ಬಿಟ್ಟಿದ್ದರೆ ನಡೆಯಲು ಆಗುತ್ತಿರಲಿಲ್ಲ ಎಂದು ಹೇಳಿ ಕಳಿಸಿದರಂತೆ. ಆಹಾರ ತಜ್ಞೆಯೊಬ್ಬಳ ಹತ್ತಿರ ಕೂತು, ಏನು ಇಳಿಯುತ್ತದೆ, ಏನು ಇಳಿಯುವುದಿಲ್ಲ ಎಂದು ಬರೆಸಿಕೊಂಡು ಬಂದ. ಆ ಹಾಳೆಯನ್ನು ಅಮಿತಾಳ ಕೈಗೆ ಕೊಡಲಿಲ್ಲ. ತಾನೇ ಒಂದು ಸಣ್ಣ ಪಾತ್ರೆ ಇಟ್ಟುಕೊಂಡು ಅಂಬಲಿ ಕಾಯಿಸತೊಡಗಿದ. ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಮಾಡಿ ಬೇಯಿಸಿಕೊಳ್ಳುತ್ತಾರೆ. ಅವನು ಈವರೆಗೆ ಅವಳ ಕ್ಷಮೆ ಕೇಳಿಲ್ಲ. ಅವಳು ಕಾದಿಲ್ಲ. ಅವಳು ಮೊಣಕೈ ತೊಳೆಯುವುದು ನಿಂತಿದೆ, ನನಗೆ ಅಷ್ಟು ಸಾಕು.

ಕಳೆದ ತಿಂಗಳು ಶರ್ವರಿ ಅವನು ಮರೆತುಹೋಗಿದ್ದ ಅಂಬಲಿ ಡಬ್ಬಿ ಕೊಡಲು ಸ್ಟೇಷನ್ನಿಗೆ ಹೋಗಿದ್ದಳು. ಅವಳು ಹೇಳಿದ್ದು ಇದು. ಹನ್ನೊಂದು ಗಂಟೆ, ಗಡಿಯಾರದ ಪ್ರಕಾರ ಅವನು ತಿನ್ನುವ ಹೊತ್ತು; ಕೌಂಟರಿನ ಮುಂದೆ ಉದ್ದನೆಯ ಸಾಲು. ಡಬ್ಬಿ ಕೈಗೆ ಬಂದ ಕೂಡಲೇ ಭಾವ ಕಿಟಕಿಗೆ ಹಲಗೆ ಅಡ್ಡ ಇಟ್ಟ. ಸಾಲಿನ ಮುಂದಿದ್ದವನು ಗಾಜು ಬಡಿದು, ಇದೇನು ತಿನ್ನುವ ಹೊತ್ತೇ ಎಂದು ತೆಲುಗಿನಲ್ಲಿ ಕೂಗಾಡಿದ. ಹಿಂದಿನವರು ದನಿಗೂಡಿಸಿದರು. ಒಬ್ಬ ಮೊಬೈಲ್ ಎತ್ತಿ ವೀಡಿಯೊ ಮಾಡತೊಡಗಿದ.

"ಖಾನಾ ಖಾರಊಂ ಮೈ. ಬೀಸ್ ಮಿನಿಟ್ ಠೈರೋ," ಎಂದು ಭಾವ ಒಳಗಿನಿಂದ ಹೇಳಿದ. ಊಟ ಮಾಡುತ್ತಿದ್ದೇನೆ, ಇಪ್ಪತ್ತು ನಿಮಿಷ ನಿಲ್ಲಿ.

ಆಮೇಲೆ ಗಾಜಿನಾಚೆಯ ಅಷ್ಟೂ ಮುಖಗಳನ್ನು ದಿಟ್ಟಿಸುತ್ತ, ಒಂದೊಂದು ಚಮಚವನ್ನೂ ಆಹಾರ ತಜ್ಞೆ ಹೇಳಿಕೊಟ್ಟಷ್ಟು ಸಲ ಅಗಿದು, ಡಬ್ಬಿ ಖಾಲಿ ಮಾಡಿದನಂತೆ. ಅವನ ಮೇಲೆ ಎರಡು ದೂರು ಹೋಗಿವೆ. ಉತ್ತರವನ್ನು ಅವನೇ ಬರೆಯುತ್ತಿದ್ದಾನೆ.