ಅಕ್ಕಾತಾಯಿ ಇಳಿಸಿದ ಹನ್ನೊಂದು ಕಿಲೋ

ಕಾಗವಾಡದ ಅಕ್ಕಾತಾಯಿಗೆ ಅರವತ್ತೇಳು ವರ್ಷ, ತೂಕ ತೊಂಬತ್ತಾರು ಕಿಲೋ. ಎರಡೂ ಮೊಣಕಾಲು ಸವೆದು, ಪಾಯಖಾನೆಗೆ ಹೋಗಬೇಕೆಂದರೂ ಸೊಸೆ ಸೀಮಾ ಬಂದು ಎಬ್ಬಿಸಬೇಕು. ಊರಿಗೆಲ್ಲ ಬುದ್ಧಿ ಹೇಳಿ ಬಾಳಿದ ಹೆಂಗಸು, ನಾಚಿಕೆಯಿಂದ ಸಾಯುತ್ತಿದ್ದಳು. ಹತ್ತು ಕಿಲೋ ಇಳಿದರೆ ಮೊಣಕಾಲಿನ ಆಪರೇಷನ್ ಎಂದಿದ್ದರು ಮಿರಜದ ಡಾಕ್ಟರರು. ಅದಕ್ಕಾಗಿ ಅಪೂರ್ವ ಎಂಬ ಆಹಾರತಜ್ಞೆ ಪ್ರತಿ ಸೋಮವಾರ ವಿಡಿಯೋ ಕಾಲ್ ಮಾಡುತ್ತಿದ್ದಳು.

"ಕಾಳು, ಹಾಲು ಬಿಡಬ್ಯಾಡ್ರಿ ಅಜ್ಜಿ. ಈ ವಯಸ್ಸಿನಾಗ ಉಪಾಸ ಬಿದ್ರ ಕೊಬ್ಬಿನ ಜೋಡಿ ಕಾಲಾನ ಶಕ್ತಿನೂ ಹೋಗತೈತಿ" ಎನ್ನುತ್ತಿದ್ದಳು.

ಎರಡು ತಿಂಗಳಿಗೆ ಇಳಿದದ್ದು ಎರಡೇ ಕಿಲೋ. ಅಕ್ಕಾತಾಯಿಗೆ ತಾಳ್ಮೆ ಎಲ್ಲಿಯದು? ಕಾರಿನಲ್ಲಿ ಬಸದಿಗೆ ಹೋದಳು. ಚಾತುರ್ಮಾಸಕ್ಕೆ ಅಲ್ಲಿ ತಂಗಿದ್ದ ಜೈನ ಮುನಿಗಳಿಗೆ ಕೈಮುಗಿದು, ದೀಪಾವಳಿಯವರೆಗೆ ದಿನಕ್ಕೊಂದೇ ಊಟದ ನೇಮ ಬೇಡಿದಳು.

"ಈ ವಯಸ್ಸಿನಾಗ ತಬ್ಯೇತ ತಡಕೋತೈತೇನವ್ವಾ?" ಎಂದು ಅವರು ಕೇಳಿದರು.

"ತಡಕೋತೈತ್ರಿ ಮಹಾರಾಜ."

ತೆಗೆದುಕೊಂಡ ನೇಮ ಮುರಿಯುವಂತಿಲ್ಲ. ಮುರಿಯುವಂತಿಲ್ಲವೆಂದೇ ತೆಗೆದುಕೊಂಡಿದ್ದಳು ಪುಣ್ಯಾತಗಿತ್ತಿ. ಫೋನಿನ ಹುಡುಗಿಗೆ ಯಾರೂ ಹೇಳಕೂಡದೆಂದು ಮನೆಯವರಿಗೆ ತಾಕೀತು ಮಾಡಿದಳು. ಗಂಡ ಪಾರಿಸನಾಗಲಿ ಸೀಮಾ ಆಗಲಿ ಬಾಯಿ ಬಿಡಲಿಲ್ಲ. ನೇಮಕ್ಕೆ ಅಡ್ಡ ಬಂದ ಪಾಪ ಯಾರಿಗೆ ಬೇಕು? ಓಣಿಯವರಂತೂ ಬಂದು ಬಂದು ಕಾಲು ಮುಟ್ಟಿದರು.

ತೂಕ ಸರಸರ ಇಳಿಯಿತು. ಅಪೂರ್ವಳಿಗೆ ಅನುಮಾನ ಬಂತು.

"ಭಾಳ ಲಗೂ ಇಳಿಯಾಕತ್ತೈತಲ್ರಿ ಅಜ್ಜಿ. ಸಂಜಿಕ ಏನ್ ಉಣ್ತೀರಿ?"

"ಹೊತ್ತ ಮುಳಗೂದ್ರಾಗ ಭಕ್ಕರಿ, ಹೆಸರಕಾಳ ಪಲ್ಯ" ಎಂದಳು ಅಕ್ಕಾತಾಯಿ. ಬಾಯಿಗೆ ನೇಮವಿದ್ದದ್ದು ಊಟದ್ದಷ್ಟೇ, ಸುಳ್ಳಿನದಲ್ಲ.

ಒಟ್ಟು ಹನ್ನೊಂದು ಕಿಲೋ ಇಳಿಯಿತು, ಆಪರೇಷನ್‌ಗೆ ತಾರೀಖೂ ಸಿಕ್ಕಿತು. ಅದೇ ಹುಮ್ಮಸ್ಸಿನಲ್ಲಿ ಒಂದು ಮುಂಜಾನೆ ಸೀಮಾಳನ್ನು ಕರೆಯದೆ ತಾನೇ ಎದ್ದಳು. ಪಾಯಖಾನೆಯ ಬಾಗಿಲಲ್ಲಿ ತೊಡೆಗಳು ನಡುಗಿ ಕುಸಿದವು. ಸೊಂಟದ ಎಲುಬು ಮುರಿಯಿತು.

"ಮೈಯಾಗ ಶಕ್ತಿನ ಉಳಿದಿಲ್ಲ. ಎಲುಬು ಕೂಡಿದ್ರ ದೊಡ್ಡದು, ಇನ್ನ ನಡ್ಯೂದರ ಆಸೆ ಬಿಡ್ರಿ" ಎಂದರು ಡಾಕ್ಟರರು.

ಸೋಮವಾರ ಆಸ್ಪತ್ರೆಯ ಮಂಚದಲ್ಲಿದ್ದಾಗಲೇ ಅಪೂರ್ವಳ ಫೋನು ಬಂತು. ಅಕ್ಕಾತಾಯಿ ಏನನ್ನೂ ಮುಚ್ಚಿಡದೆ ಹೇಳಿದಳು.

ಅಪೂರ್ವ, "ನನಗ್ಯಾಕ ಹೇಳಲಿಲ್ರಿ ಅಜ್ಜಿ?" ಎಂದಳು.

"ಹೇಳಿದ್ರ ನೀ ಉಣ್ಣು ಅಂತಿದ್ದಿ, ತಂಗಿ."

ಫೋನು ಪಾರಿಸನ ಕೈಗೆ ಕೊಟ್ಟು, ಗೋಡೆಯ ಕಡೆ ಮುಖ ತಿರುಗಿಸಿ, ಬೆಡ್‌ಪ್ಯಾನ್ ತಾ ಎಂದು ಸೀಮಾಳನ್ನು ಕರೆದಳು.